ಕೈ ಮುರಿದರೆ ಎಷ್ಟು? - ಅಪಘಾತ ಪರಿಹಾರದ ಲೆಕ್ಕ

(ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ನಡುನಡುವೆ ಬೇರೆ ಥರದ ಪತ್ರಗಳೂ ಬರುತ್ತವೆ. “ನಮ್ಮ ಯಜಮಾನರಿಗೆ ರಸ್ತೆಯಲ್ಲಿ ಟೆಂಪೋ ಹೊಡೆದು ಕೈ ಮುರಿದಿದೆ, ಕೇಸು ಹಾಕಿದರೆ ಎಷ್ಟು ಸಿಗಬಹುದು?” ಎಂದು ಒಬ್ಬರು. “ಪಕ್ಕದ ಬಿಲ್ಡಿಂಗಿನವರಿಗೆ ಕಾಲು ಮುರಿದದ್ದಕ್ಕೆ ಎಂಟು ಲಕ್ಷ ಬಂತಂತೆ, ನಮಗೆ ಮೂರೇ ಲಕ್ಷ ಅನ್ನುತ್ತಾರೆ, ಇದ್ಯಾವ ನ್ಯಾಯ?” ಎಂದು ಇನ್ನೊಬ್ಬರು. ಇವತ್ತಿನ ಮಾತು ಈ “ಎಷ್ಟು” ಎನ್ನುವ ಪ್ರಶ್ನೆಯ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆಯಲ್ಲ. ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವಳು. ನಿಮ್ಮ ಪ್ರಕರಣದಲ್ಲಿ ಏನಾಗುತ್ತದೆ ಎಂದು ನಾನು ಹೇಳಲಾರೆ. ಆದರೆ ಲೆಕ್ಕ ಹೇಗೆ ಹಾಕುತ್ತಾರೆ ಎಂಬುದು ಗುಟ್ಟಿನ ವಿಷಯವೇನಲ್ಲ. ಸುಪ್ರೀಂ ಕೋರ್ಟು ತನ್ನ ತೀರ್ಪುಗಳಲ್ಲಿ ಅದನ್ನು ಬಿಡಿಸಿ ಬಿಡಿಸಿ ಹೇಳಿದೆ. ಕೂಡುವುದು, ಗುಣಿಸುವುದು ಬಂದರೆ ಸಾಕು, ಯಾರಿಗಾದರೂ ಅರ್ಥವಾಗುತ್ತದೆ.

ರಸ್ತೆ ಅಪಘಾತದ ಪರಿಹಾರವನ್ನು ತೀರ್ಮಾನಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಜನರ ಬಾಯಲ್ಲಿ ಎಂ.ಎ.ಸಿ.ಟಿ. ಅಥವಾ ಟ್ರಿಬ್ಯುನಲ್. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ಕೊಡಬೇಕಾದದ್ದು “ನ್ಯಾಯಯುತ ಪರಿಹಾರ”. ಲಾಟರಿಯೂ ಅಲ್ಲ, ಭಿಕ್ಷೆಯೂ ಅಲ್ಲ. ಅಪಘಾತ ಆಗದೇ ಇದ್ದಿದ್ದರೆ ಈ ಮನುಷ್ಯ ಹೇಗಿರುತ್ತಿದ್ದನೋ, ಹಣದಿಂದ ಆಗುವ ಮಟ್ಟಿಗೆ ಅವನನ್ನು ಅಲ್ಲಿಗೆ ತಲುಪಿಸಬೇಕು ಎನ್ನುವುದೇ ತತ್ವ. ನೀವು ಅರ್ಜಿಯಲ್ಲಿ ಕಡಿಮೆ ಕೇಳಿದ್ದರೂ ಸಾಕ್ಷ್ಯ ಇದ್ದರೆ ಟ್ರಿಬ್ಯುನಲ್ ಹೆಚ್ಚು ಕೊಡಬಹುದು ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲೇ ಹೇಳಿದೆ.

ಹಾಗಾದರೆ ಏನೇನು ಲೆಕ್ಕಕ್ಕೆ ಬರುತ್ತದೆ? ಇದನ್ನು ತುಂಬ ಸ್ಪಷ್ಟವಾಗಿ ಹೇಳಿದ್ದು 2010ರ ಅಕ್ಟೋಬರಿನಲ್ಲಿ ಬಂದ ರಾಜ್‌ಕುಮಾರ್ ಪ್ರಕರಣದ ತೀರ್ಪು. ಹೆಸರು ಕೇಳಿ ನಮ್ಮ ಅಣ್ಣಾವ್ರು ಅಂದುಕೊಳ್ಳಬೇಡಿ. ಇವರು ಚೀಸ್ ಮಾರಿ ಬದುಕುತ್ತಿದ್ದ ವ್ಯಾಪಾರಿ.

ಆ ತೀರ್ಪು ಪರಿಹಾರವನ್ನು ಎರಡು ಗಂಟಾಗಿ ಕಟ್ಟುತ್ತದೆ. ಮೊದಲನೆಯದು ರೂಪಾಯಿಯಲ್ಲಿ ಅಳೆಯಬಹುದಾದ ನಷ್ಟ. ಆಸ್ಪತ್ರೆ, ಔಷಧಿ, ಓಡಾಟದ ಖರ್ಚು, ಪುಷ್ಟಿಯ ಆಹಾರ ಇವೆಲ್ಲ ಅದರಲ್ಲಿ ಬಂತು. ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಕೈತಪ್ಪಿದ ಸಂಬಳ, ಶಾಶ್ವತ ಊನದಿಂದ ಮುಂದೆ ಕಡಿಮೆಯಾಗುವ ಸಂಪಾದನೆ, ಮುಂದೆ ಬೇಕಾಗುವ ಚಿಕಿತ್ಸೆಯ ಖರ್ಚು ಕೂಡ ಬಂತು. ಎರಡನೆಯದು ರೂಪಾಯಿಯಲ್ಲಿ ಅಳೆಯಲಾಗದ ನಷ್ಟ. ಪಟ್ಟ ನೋವು, ಬದುಕಿನ ಸುಖ ಸೌಕರ್ಯ ಕಳೆದದ್ದು, ಮದುವೆಯ ಸಾಧ್ಯತೆ ಕುಗ್ಗಿದ್ದು, ಆಯುಸ್ಸು ಕಡಿಮೆಯಾದದ್ದು. ಸಾಧಾರಣ ಗಾಯವಾದರೆ ಚಿಕಿತ್ಸೆಯ ಖರ್ಚು, ಆ ದಿನಗಳ ಸಂಬಳ, ನೋವು ಈ ಮೂರೇ. ಗಂಭೀರ ಗಾಯಕ್ಕೆ, ಅದನ್ನು ತೋರಿಸುವ ವೈದ್ಯಕೀಯ ಸಾಕ್ಷ್ಯ ಇದ್ದರೆ ಮಾತ್ರ ಉಳಿದವು ಸೇರುತ್ತವೆ.

ಪಕ್ಕದ ಬಿಲ್ಡಿಂಗಿನವರಿಗೂ ನಮಗೂ ದೊಡ್ಡ ಅಂತರ ಬರುವುದು ಒಂದೇ ಜಾಗದಲ್ಲಿ. ಅದು “ಮುಂದೆ ಕಡಿಮೆಯಾಗುವ ಸಂಪಾದನೆ”. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಬರೀ ಕಲ್ಪನೆ, ಯಾರ ಕಥೆಯೂ ಅಲ್ಲ.

ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವರು ಒಬ್ಬರಿದ್ದಾರೆ ಎನ್ನಿ. ವಯಸ್ಸು 34. ತಿಂಗಳಿಗೆ 18,000 ರೂಪಾಯಿ ಸಂಬಳ. ರಸ್ತೆ ದಾಟುವಾಗ ಟೆಂಪೋ ಹೊಡೆದು ಬಲಗೈಯ ಮಣಿಕಟ್ಟು ಪುಡಿಯಾಯಿತು. ಆಪರೇಷನ್ ಆಗಿ ಪ್ಲೇಟು ಹಾಕಿದರು. ಐದು ತಿಂಗಳು ಕೆಲಸವಿಲ್ಲ. ಗಾಯ ಮಾಗಿತು, ಆದರೆ ಮಣಿಕಟ್ಟು ಮೊದಲಿನಂತೆ ತಿರುಗುವುದಿಲ್ಲ.

ಮೊದಲು ತಿಂಗಳ ಸಂಪಾದನೆ, 18,000. ವರ್ಷ ಕಳೆದಂತೆ ಸಂಬಳ ಏರುತ್ತಿತ್ತಲ್ಲ, ಅದಕ್ಕೂ ಲೆಕ್ಕವಿದೆ. 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಣಯ್ ಸೇಥಿ ಪ್ರಕರಣದಲ್ಲಿ ಇದನ್ನು ಗೊತ್ತುಮಾಡಿತು. ಸ್ವಂತ ದುಡಿಮೆಯವರು ಅಥವಾ ನಿಗದಿತ ಸಂಬಳದವರು 40 ವರ್ಷದೊಳಗಿದ್ದರೆ ಶೇಕಡಾ 40 ಸೇರಿಸಬೇಕು, 40ರಿಂದ 50ರವರೆಗೆ ಶೇಕಡಾ 25, 50ರಿಂದ 60ರವರೆಗೆ ಶೇಕಡಾ 10. ಕಾಯಂ ನೌಕರಿಯವರಾದರೆ ಇವು 50, 30, 15. ಅದು ಸಾವಿನ ಪ್ರಕರಣದಲ್ಲಿ ಬಂದ ತೀರ್ಪು. ಶಾಶ್ವತ ಊನವಾದವರಿಗೂ ಹೀಗೆಯೇ ಸೇರಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ನಮ್ಮ ದೋಸೆಯವರ 18,000ಕ್ಕೆ 7,200 ಸೇರಿ 25,200 ಆಯಿತು. ವರ್ಷಕ್ಕೆ 3,02,400.

ಇನ್ನು ಇದನ್ನು ಎಷ್ಟು ವರ್ಷಕ್ಕೆ ಗುಣಿಸಬೇಕು? 34 ವರ್ಷದವರು 60ರವರೆಗೆ ದುಡಿಯುತ್ತಾರೆ, ಆದ್ದರಿಂದ 26ರಿಂದ ಗುಣಿಸಿ ಎಂದು ನಮಗನ್ನಿಸಬಹುದು. ಆದರೆ 26 ವರ್ಷದ ಸಂಪಾದನೆ ಒಟ್ಟಿಗೆ ಇವತ್ತೇ ಕೈಗೆ ಬಂದರೆ ಅದರ ಮೇಲೆ ಬಡ್ಡಿ ಹುಟ್ಟುತ್ತದೆ. ಬದುಕಿನ ಏರುಪೇರು ಬೇರೆ ಇರುತ್ತದೆ. ಅದಕ್ಕಾಗಿ ಕಡಿಮೆ ಅಂಕಿಯಿಂದ ಗುಣಿಸುತ್ತಾರೆ. ಈ ಅಂಕಿಗೆ ಗುಣಕ ಎಂದು ಹೆಸರು. ಕೋರ್ಟಿನಲ್ಲಿ ಎಲ್ಲರೂ ಅನ್ನುವುದು ಮಲ್ಟಿಪ್ಲೈಯರ್. ಒಂದೊಂದು ಟ್ರಿಬ್ಯುನಲ್ ಒಂದೊಂದು ಅಂಕಿ ಹಿಡಿಯುತ್ತಿದ್ದ ಗೊಂದಲವನ್ನು ಸರಿಮಾಡಿದ್ದು 2009ರ ಏಪ್ರಿಲ್ 15ರ ಸರಳಾ ವರ್ಮಾ ತೀರ್ಪು. ಅದರ ಪಟ್ಟಿ ಬರೆದುಕೊಳ್ಳಿ. 15ರಿಂದ 25 ವರ್ಷದವರಿಗೆ 18. 26ರಿಂದ 30ಕ್ಕೆ 17. 31ರಿಂದ 35ಕ್ಕೆ 16. 36ರಿಂದ 40ಕ್ಕೆ 15. 41ರಿಂದ 45ಕ್ಕೆ 14. 46ರಿಂದ 50ಕ್ಕೆ 13. ಆಮೇಲೆ ಪ್ರತಿ ಐದು ವರ್ಷಕ್ಕೆ 11, 9, 7. 65 ದಾಟಿದವರಿಗೆ 5.

ನಮ್ಮವರಿಗೆ 34, ಅಂದರೆ ಗುಣಕ 16. 3,02,400ನ್ನು 16ರಿಂದ ಗುಣಿಸಿದರೆ 48,38,400 ರೂಪಾಯಿ. ಸತ್ತವರ ಪ್ರಕರಣದಲ್ಲಿ ಅವರ ಸ್ವಂತ ಖರ್ಚು ಎಂದು ಒಂದು ಭಾಗ ಕಳೆಯುತ್ತಾರೆ. ಗಾಯಾಳು ಬದುಕಿದ್ದಾರೆ, ಅವರ ಹೊಟ್ಟೆಬಟ್ಟೆಯ ಖರ್ಚು ಇದ್ದೇ ಇದೆ. ಆದ್ದರಿಂದ ಇಲ್ಲಿ ಅದನ್ನು ಕಳೆಯುವಂತಿಲ್ಲ.

ಆದರೆ ಈ 48 ಲಕ್ಷ ಪೂರ್ತಿ ಸಿಗುವುದಿಲ್ಲ. ಅವರ ಸಂಪಾದನೆಯ ಶಕ್ತಿ ಪೂರ್ತಿ ಹೋಗಿಲ್ಲವಲ್ಲ. ಎಷ್ಟು ಭಾಗ ಹೋಗಿದೆಯೋ ಅಷ್ಟು ಸಿಗುತ್ತದೆ. ಕೇಳುಗ ಮಿತ್ರರೇ, ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಡಾಕ್ಟರು ಪ್ರಮಾಣಪತ್ರದಲ್ಲಿ ಬರೆಯುವ ಶೇಕಡಾವಾರು ಒಂದು. ನಿಮ್ಮ ದುಡಿಮೆಗೆ ಆದ ನಷ್ಟದ ಶೇಕಡಾವಾರು ಇನ್ನೊಂದು. ಎರಡೂ ಒಂದೇ ಅಲ್ಲ.

ಡಾಕ್ಟರು “ಬಲಗೈಗೆ ಶೇಕಡಾ 45 ಊನ” ಎಂದು ಬರೆದರು ಎನ್ನಿ. ಅದು ಕೈಯ ಲೆಕ್ಕ. ಇಡೀ ದೇಹಕ್ಕೆ ಎಂದರೆ ಕಡಿಮೆಯಾಗುತ್ತದೆ. ಅದರ ಮೂರನೇ ಒಂದು ಭಾಗ, ಅಂದರೆ ಶೇಕಡಾ 15 ಎಂದು ಹಿಡಿಯುವ ರೂಢಿ ಎಷ್ಟೋ ಕಡೆ ಇದೆ. ಮೂರನೆಯ ಪ್ರಶ್ನೆಯೇ ಮುಖ್ಯ. ಈ ಕೈಯಿಂದ ಈ ಮನುಷ್ಯ ಮಾಡುತ್ತಿದ್ದ ಕೆಲಸ ಏನು? ರಾಜ್‌ಕುಮಾರ್ ತೀರ್ಪು ಕೊಡುವ ಉದಾಹರಣೆಯನ್ನೇ ನೋಡಿ. ಎಡಗೈ ಕತ್ತರಿಸಿ ಹೋದವರು ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಅದೇ ಗಾಯ ಸರ್ಕಾರಿ ಗುಮಾಸ್ತರಿಗೆ ಆಗಿ, ಅವರ ನೌಕರಿ ಉಳಿದುಕೊಂಡರೆ, ದುಡಿಮೆಯ ನಷ್ಟ ಅಷ್ಟಿಲ್ಲ. ಅವರಿಗೆ ಬದುಕಿನ ಸುಖ ಕಳೆದದ್ದರ ಬಾಬ್ತು ಹೆಚ್ಚು ಸಿಗಬಹುದು. ಕೈ ಒಂದೇ, ಕೆಲಸ ಬೇರೆ, ಮೊತ್ತ ಬೇರೆ.

ಆ ಚೀಸ್ ವ್ಯಾಪಾರಿಗೆ ಎಡಗಾಲಿನ ಊನ ಶೇಕಡಾ 45 ಎಂದು ಪ್ರಮಾಣಪತ್ರ ಹೇಳಿತ್ತು. ಟ್ರಿಬ್ಯುನಲ್ ಸಂಪಾದನೆಯ ನಷ್ಟವೂ ಅಷ್ಟೇ ಎಂದು ಹಿಡಿದಿತ್ತು. ಕಾಲಿನ ಲೆಕ್ಕವನ್ನು ಇಡೀ ದೇಹಕ್ಕೆ ಹಚ್ಚುವಂತಿಲ್ಲ, ಓಡಾಟಕ್ಕೆ ತೊಂದರೆಯಾದರೂ ವ್ಯಾಪಾರ ನಿಂತುಹೋಗಿಲ್ಲ ಎಂದ ಸುಪ್ರೀಂ ಕೋರ್ಟು ಸಂಪಾದನೆಯ ನಷ್ಟವನ್ನು ಶೇಕಡಾ 20ಕ್ಕೆ ಇಳಿಸಿತು. ಇನ್ನೊಂದು ದಿಕ್ಕಿನಲ್ಲಿಯೂ ಹೀಗೆ ಆಗಿದೆ. ನಾನು ಆಗಲೇ ಹೇಳಿದ 2020ರ ಪ್ರಕರಣದಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದ ಯುವಕನೊಬ್ಬ ತೋಳು ಕಳೆದುಕೊಂಡಿದ್ದ. ಹೈಕೋರ್ಟು ನಷ್ಟವನ್ನು ಶೇಕಡಾ 45 ಎಂದಿತ್ತು. ಎರಡು ಕೈಯಿಂದ ಅನ್ನ ದುಡಿಯುವವನಿಗೆ ಅದು ಸಾಲದು ಎಂಬ ವಿವೇಚನೆಯಿಂದ ಸುಪ್ರೀಂ ಕೋರ್ಟು ಅದನ್ನು ಶೇಕಡಾ 65ಕ್ಕೆ ಏರಿಸಿತು.

ನಮ್ಮ ದೋಸೆಯವರ ವಿಷಯಕ್ಕೆ ಬರೋಣ. ಬೆಳಗಿನ ಹೊತ್ತು ಕಾವಲಿಯ ಮುಂದೆ ನಿಂತು ನೂರಾರು ಸಲ ಮಣಿಕಟ್ಟು ತಿರುಗಿಸಬೇಕು. ಅದಾಗದಿದ್ದರೆ ಮಾಲೀಕರು ಬೇರೆ ಕೆಲಸಕ್ಕೆ, ಕಡಿಮೆ ಸಂಬಳಕ್ಕೆ ಹಾಕುತ್ತಾರೆ. ಇದನ್ನು ಸಾಕ್ಷ್ಯ ಸಮೇತ ತೋರಿಸಿ, ಟ್ರಿಬ್ಯುನಲ್ ದುಡಿಮೆಯ ನಷ್ಟ ಶೇಕಡಾ 30 ಎಂದು ಒಪ್ಪಿದರೆ ಮೊತ್ತ 14,51,520. ಬರೀ ಶೇಕಡಾ 15 ಎಂದು ಹಿಡಿದರೆ 7,25,760. ಅದೇ ಹೋಟೆಲಿನಲ್ಲಿ, ಅದೇ ವಯಸ್ಸಿನ, ಅದೇ ಸಂಬಳದ, ಗಲ್ಲಾದಲ್ಲಿ ಕೂರುವವರಿಗೆ ಇದೇ ಗಾಯವಾಗಿ ನಷ್ಟ ಶೇಕಡಾ 10 ಎಂದಾದರೆ 4,83,840. ನೋಡಿದಿರಾ? ಪಕ್ಕದ ಬಿಲ್ಡಿಂಗಿನವರ ಎಂಟು ಲಕ್ಷ, ನಮ್ಮ ಮೂರು ಲಕ್ಷದ ಗುಟ್ಟು ಇಲ್ಲೇ ಇದೆ.

ಆದ್ದರಿಂದ ಪ್ರಮಾಣಪತ್ರ ಕೊಡುವ ಡಾಕ್ಟರ ಹತ್ತಿರ “ಕೈ ನೋಯುತ್ತದೆ” ಎಂದು ಹೇಳಿ ಸುಮ್ಮನೆ ಬರಬೇಡಿ. ನಿಮ್ಮ ಕೆಲಸ ಏನು, ಅದರಲ್ಲಿ ಕೈ ಏನು ಮಾಡಬೇಕು, ಈಗ ಏನು ಆಗುತ್ತಿಲ್ಲ ಎಂದು ಬಿಡಿಸಿ ಹೇಳಿ. ಸಾಧ್ಯವಾದರೆ ಚಿಕಿತ್ಸೆ ಮಾಡಿದ ಡಾಕ್ಟರೇ ಬಂದು ಸಾಕ್ಷಿ ಹೇಳಲಿ. ಎಂದೂ ನಿಮ್ಮನ್ನು ನೋಡದ ಡಾಕ್ಟರು ಕೊಟ್ಟ ದೊಡ್ಡ ಶೇಕಡಾವಾರು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಎರಡನೆಯ ಮಾತು ಸಂಬಳದ ಪುರಾವೆಯದು. ನಮ್ಮ ಜನ ಎಷ್ಟೋ ಮಂದಿ ಹೋಟೆಲು, ಕ್ಯಾಂಟೀನು, ಅಂಗಡಿಗಳಲ್ಲಿ ದುಡಿಯುವವರು. ಸಂಬಳ ಕೈಗೆ ಬರುತ್ತದೆ, ಚೀಟಿ ಇರುವುದಿಲ್ಲ. ಪುರಾವೆ ಇಲ್ಲದಿದ್ದರೆ ಟ್ರಿಬ್ಯುನಲ್ ಕನಿಷ್ಠ ವೇತನವನ್ನೋ, ಆ ವರ್ಷಕ್ಕೆ ರೂಢಿಯಲ್ಲಿರುವ ಅಂದಾಜು ಆದಾಯವನ್ನೋ ಹಿಡಿಯುತ್ತದೆ. ಕರ್ನಾಟಕದಲ್ಲಿ ಇದಕ್ಕಾಗಿ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿಯನ್ನೇ ನೋಡುವ ಪದ್ಧತಿ ಇದೆ. ನಮ್ಮ ದೋಸೆಯವರ 18,000ದ ಬದಲು 12,000 ಎಂದು ಹಿಡಿದರೆ, ಶೇಕಡಾ 30ರ ಲೆಕ್ಕದಲ್ಲೇ ಮೊತ್ತ 9,67,680ಕ್ಕೆ ಇಳಿಯುತ್ತದೆ. ಒಂದು ಕಾಗದ ಇಲ್ಲದ್ದಕ್ಕೆ ನಷ್ಟ 4,83,840 ರೂಪಾಯಿ! ಹಾಗಾಗಿ ಸಂಬಳವನ್ನು ಆದಷ್ಟು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಟ್ಯಾಕ್ಸಿ, ರಿಕ್ಷಾದವರು ಪರವಾನಗಿ, ಬ್ಯಾಡ್ಜು, ಸಾಲದ ಕಂತು ಕಟ್ಟಿದ ಚೀಟಿ ಎಲ್ಲವನ್ನೂ ಜೋಪಾನ ಮಾಡಿ.

“ನಾನು ಮನೆಯಲ್ಲೇ ಇರುವವಳು, ನನಗೆ ಸಂಬಳವೇ ಇಲ್ಲವಲ್ಲ” ಎನ್ನುವ ತಾಯಂದಿರೇ, ನಿಮ್ಮ ದುಡಿಮೆಗೂ ಬೆಲೆಯಿದೆ. ಗೃಹಿಣಿಯ ಕೆಲಸಕ್ಕೆ ಅಂದಾಜು ಆದಾಯ ಹಿಡಿಯಬೇಕು, ಅದರ ಮೇಲೆ ಮುಂದಿನ ಏರಿಕೆಯನ್ನೂ ಸೇರಿಸಬೇಕು ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ. ಮಕ್ಕಳ ವಿಷಯದಲ್ಲಿಯೂ ಅಷ್ಟೇ. ಅಪಘಾತದಿಂದ ಸಂಪೂರ್ಣ ಪರಾವಲಂಬಿಯಾದ 12 ವರ್ಷದ ಹುಡುಗಿಯೊಬ್ಬಳ ಪ್ರಕರಣದಲ್ಲಿ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಟ್ಟು 62,27,000 ರೂಪಾಯಿ ಕೊಡಿಸಿತು. ಅದರಲ್ಲಿ ಅವಳನ್ನು ನೋಡಿಕೊಳ್ಳುವವರ ಖರ್ಚೇ 21,60,000. ತಿಂಗಳಿಗೆ 10,000, ಗುಣಕ 18. ನೋಡಿಕೊಳ್ಳುವುದು ತಾಯಿಯೇ ಆದರೂ ಅದು ಪುಕ್ಕಟೆ ಕೆಲಸವಲ್ಲ ಎಂಬುದನ್ನು ಮರೆಯಬೇಡಿ.

ನಮ್ಮ ಲೆಕ್ಕ ಮುಗಿಸೋಣ. ದೋಸೆಯವರ ಆಸ್ಪತ್ರೆ ಬಿಲ್ಲು 2,10,000. ಓಡಾಟ, ಆಹಾರ, ನೋಡಿಕೊಂಡವರ ಖರ್ಚು 40,000. ಐದು ತಿಂಗಳ ಸಂಬಳ 90,000. ಪ್ಲೇಟು ತೆಗೆಸಲು ಮುಂದೆ 50,000. ಸಂಪಾದನೆಯ ನಷ್ಟ 14,51,520. ನೋವಿಗೆ ಮತ್ತು ಸುಖ ಕಳೆದದ್ದಕ್ಕೆ ಪಟ್ಟಿ ಇಲ್ಲ, ನ್ಯಾಯಾಧೀಶರ ವಿವೇಚನೆ. 1,50,000 ಎಂದಿಟ್ಟುಕೊಳ್ಳೋಣ. ಒಟ್ಟು 19,91,520. ಇದರ ಮೇಲೆ ಟ್ರಿಬ್ಯುನಲ್ ಬಡ್ಡಿಯನ್ನೂ ಕೊಡಬಹುದು.

ಆದರೆ ತಪ್ಪಿನಲ್ಲಿ ನಮ್ಮ ಪಾಲಿದ್ದರೆ ಮೊತ್ತ ಕಡಿತವಾಗುತ್ತದೆ. ಸಿಗ್ನಲ್ ನೋಡದೆ ದಾಟಿದ್ದಕ್ಕೆ ಶೇಕಡಾ 20ರಷ್ಟು ತಪ್ಪು ಅವರದೇ ಎಂದು ತೀರ್ಮಾನವಾದರೆ 3,98,304 ಹೋಗಿ 15,93,216 ಉಳಿಯುತ್ತದೆ. ಹಾಗೆಂದು ನಿಯಮ ಮುರಿದ ಮಾತ್ರಕ್ಕೆ ಕಡಿತ ಮಾಡುವಂತಿಲ್ಲ. ಬೈಕಿನಲ್ಲಿ ಮೂವರು ಕೂತಿದ್ದರು ಎಂಬುದಷ್ಟೇ ಸಾಲದು, ಅದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂದು ತೋರಿಸಬೇಕು ಎಂದು 2020ರ ಜನವರಿಯ ತೀರ್ಪೊಂದು ಹೇಳುತ್ತದೆ. ಆದ್ದರಿಂದ ಎಫ್‌ಐಆರ್ ಮತ್ತು ಪಂಚನಾಮೆಯಲ್ಲಿ ಏನು ಬರೆದಿದ್ದಾರೆ ಎಂದು ಓದಿಸಿಕೊಂಡು ನೋಡಿ. ಮರಾಠಿಯೋ ತಮಿಳೋ ಬರದಿದ್ದರೆ ಬಲ್ಲವರಿಂದ ಓದಿಸಿ.

ಊರಿಗೆ ಹೋಗಿ ಬರುವ ನಮಗೆಲ್ಲ ಬೇಕಾದ ಒಂದು ವಿಷಯ. ಗಣೇಶ ಚತುರ್ಥಿಗೆ ಊರಿಗೆ ಹೊರಟಿರಿ, ಕೊಲ್ಹಾಪುರದ ಹತ್ತಿರವೋ ಕುಮಟೆಯ ಹತ್ತಿರವೋ ಬಸ್ಸು ಪಲ್ಟಿಯಾಯಿತು. ಕೇಸಿಗಾಗಿ ಅಲ್ಲಿಗೇ ಅಲೆಯಬೇಕಿಲ್ಲ. ಅಪಘಾತವಾದ ಊರು, ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರು, ಎದುರು ಪಾರ್ಟಿ ವಾಸಿಸುವ ಊರು, ಇವುಗಳಲ್ಲಿ ಯಾವ ಕಡೆಯ ಟ್ರಿಬ್ಯುನಲ್ ಆದರೂ ಸರಿ, ಆಯ್ಕೆ ನಿಮ್ಮದು. ಠಾಣೆಯಲ್ಲಿದ್ದರೆ ಠಾಣೆಯಲ್ಲಿ, ಪುಣೆಯಲ್ಲಿದ್ದರೆ ಪುಣೆಯಲ್ಲಿ ಹಾಕಬಹುದು.

ಗಡುವಿನ ಬಗ್ಗೆ ಎಚ್ಚರ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮವಿದೆ. ಅದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ. ಅದೇನೇ ಇರಲಿ, ನೀವು ಆರು ತಿಂಗಳೇ ಗಡುವು ಎಂದುಕೊಂಡು ನಡೆಯಿರಿ. ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಪಡೆಯಬಹುದಾದ ನಿಗದಿತ ಮೊತ್ತವೂ ಕಾಯ್ದೆಯಲ್ಲಿದೆ. ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ. ಹೊಡೆದ ವಾಹನ ಪತ್ತೆಯೇ ಆಗದಿದ್ದರೆ ಬೇರೆ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ ಎರಡು ಲಕ್ಷ. ಮುಂಬಯಿ ಲೋಕಲಿನಿಂದ ಬಿದ್ದವರ ದಾರಿ ಬೇರೆ. ಅಲ್ಲಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ ಇದೆ. ಅಲ್ಲಿ ಸಂಬಳ ನೋಡುವುದಿಲ್ಲ, ಯಾವ ಗಾಯಕ್ಕೆ ಎಷ್ಟು ಎಂಬ ಪಟ್ಟಿಯೇ ಇದೆ. ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಟಿಕೆಟು, ಪಾಸು ಕಳೆಯಬೇಡಿ.

ಇನ್ನೊಂದು ಎಚ್ಚರಿಕೆ. ವಿಮಾ ಕಂಪನಿಯವರು ಮಾತುಕತೆಗೆ ಬಂದು ಒಂದು ಮೊತ್ತ ಹೇಳಬಹುದು. ಅದನ್ನು ನೀವು ಕಾನೂನಿನ ಪ್ರಕಾರ ಒಪ್ಪಿಕೊಂಡರೆ ಟ್ರಿಬ್ಯುನಲಿನ ಅರ್ಜಿ ಅಲ್ಲಿಗೆ ಮುಗಿಯಿತು. ಒಪ್ಪುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬೇಗ ಬರುವ ಹಣಕ್ಕೂ ಬೆಲೆಯಿದೆ. ಆದರೆ ಒಪ್ಪುವ ಮೊದಲು ಇವತ್ತು ಮಾಡಿದ ಹಾಗೆ ಒಂದು ಹಾಳೆಯಲ್ಲಿ ನಿಮ್ಮ ಲೆಕ್ಕ ಹಾಕಿ ನೋಡಿ. ಆಸ್ಪತ್ರೆಯ ಬಾಗಿಲಲ್ಲೇ ಬಂದು “ಕೇಸು ನಾವು ನೋಡಿಕೊಳ್ಳುತ್ತೇವೆ, ಬಂದದ್ದರಲ್ಲಿ ನಮಗಿಷ್ಟು ಪಾಲು” ಎನ್ನುವವರಿಗೆ ಖಾಲಿ ಕಾಗದದ ಮೇಲೆ ಸಹಿ ಹಾಕಿಕೊಡಬೇಡಿ. ಗೆದ್ದ ಹಣದಲ್ಲಿ ಪಾಲು ಎಂದು ವಕೀಲರು ಫೀಸು ಗೊತ್ತುಮಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು ಮುಂತಾದವರಿಗೆ ಉಚಿತ ಕಾನೂನು ನೆರವಿದೆ. ಅದರ ದೂರವಾಣಿ 15100.

ಕೊನೆಯದಾಗಿ ಒಂದು ಪ್ಲಾಸ್ಟಿಕ್ ಚೀಲದ ಮಾತು. ಮನೆಯಲ್ಲಿ ಯಾರಿಗಾದರೂ ಅಪಘಾತವಾದರೆ ಮೊದಲ ದಿನವೇ ಒಂದು ಚೀಲ ಮಾಡಿ. ಆಸ್ಪತ್ರೆಯ ಕೇಸ್ ಪೇಪರ್, ಡಿಸ್ಚಾರ್ಜ್ ಕಾರ್ಡು, ಎಕ್ಸ್‌ರೇ, ಔಷಧಿ ಅಂಗಡಿಯ ಒಂದೊಂದು ಬಿಲ್ಲು, ರಿಕ್ಷಾ ಖರ್ಚು ಬರೆದ ಚೀಟಿ, ಎಫ್‌ಐಆರ್ ಪ್ರತಿ, ಕೆಲಸಕ್ಕೆ ಹೋಗದ ದಿನಗಳ ಬಗ್ಗೆ ಮಾಲೀಕರ ಪತ್ರ, ವಯಸ್ಸಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್. ಎಲ್ಲವೂ ಅದರೊಳಗೆ ಹೋಗಲಿ. ಟ್ರಿಬ್ಯುನಲಿನಲ್ಲಿ ಎಷ್ಟು ಸಿಗುತ್ತದೆ ಎಂಬುದರಲ್ಲಿ ಅರ್ಧ ಭಾಗ ಈ ಚೀಲದಲ್ಲೇ ಇರುತ್ತದೆ.

ಇಂಥ ಲೆಕ್ಕ ನಿಮ್ಮಲ್ಲಿ ಯಾರಿಗೂ ಬೇಕಾಗದೇ ಇರಲಿ ಎಂದು ಹಾರೈಸುತ್ತೇನೆ. ಅಕಸ್ಮಾತ್ ಬೇಕಾದರೆ ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಿ, ಅಗತ್ಯವಿದ್ದವರ ಕೈಗೆ ಕೊಡಿ. ಎರಡೂ ಕಡೆ ನೋಡಿ ರಸ್ತೆ ದಾಟಿ. ಮುಂದಿನ ಭಾನುವಾರ ನಿಮ್ಮ ಕೋರಿಕೆಯ ಹಾಡುಗಳೊಂದಿಗೆ ಮತ್ತೆ ಸಿಗೋಣ. ನಮಸ್ಕಾರ.